ಸೈಕಲ್ಲಿನ ಶಾಕ್ ಬಿಚ್ಚುವ ಮೊದಲು

ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇರುವ ಗೇರ್ ಸೈಕಲ್‌ಗಳು ಈಗ ಟಿ. ದಾಸರಹಳ್ಳಿಯ ಅಡ್ಡರಸ್ತೆಗಳಲ್ಲೂ ಕಾಣುತ್ತವೆ. ಬೆಟ್ಟದ ದಾರಿಗೆಂದು ರೂಪುಗೊಂಡ ಈ ಏರ್ಪಾಡು ನಮ್ಮಲ್ಲಿ ದೂಳು, ಹಂಪು, ಹೊಂಡಗಳ ನಡುವೆಯೇ ಸವೆಯುತ್ತದೆ. ಕೆಲಕಾಲದಲ್ಲೇ ಸೀಟಿನ ಕೆಳಗೆ ‘ಕಿರ್’, ‘ಟಕ್’ ಸದ್ದು ಶುರು. ಮಕ್ಕಳು ಸ್ಪ್ಯಾನರ್ ಹಿಡಿದು ಕೂರುತ್ತಾರೆ, ಪಾಲಕರು ಬೇಡವೆನ್ನುತ್ತಾರೆ. ಇಬ್ಬರದೂ ಅರ್ಧ ಸರಿ.

ಮೊದಲು ಒಂದು ಪ್ರಯೋಗ ಮಾಡಿ. ಸೀಟನ್ನು ಬಲವಾಗಿ ಒತ್ತಿ ಥಟ್ಟನೆ ಬಿಡಿ. ನಾಲ್ಕಾರು ಸಲ ಕುಣಿದರೆ ಅದರಲ್ಲಿರುವುದು ಸಾಮಾನ್ಯವಾಗಿ ಬರೀ ಸ್ಪ್ರಿಂಗ್. ನಿಧಾನವಾಗಿ ಮೇಲೆದ್ದು ನಿಂತರೆ ಒಳಗೆ ಎಣ್ಣೆಯೂ ಇದೆ. ಸ್ಪ್ರಿಂಗ್ ಕುಗ್ಗಿದಷ್ಟೂ ಬಲ ಹೆಚ್ಚುತ್ತದೆ ಎಂಬುದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ. ಸ್ಪ್ರಿಂಗ್ ತಾನು ಪಡೆದ ಶಕ್ತಿಯನ್ನು ಹಿಂದಿರುಗಿಸುತ್ತದೆ. ಎಣ್ಣೆಯಾದರೋ ಸಣ್ಣ ರಂಧ್ರಗಳಲ್ಲಿ ನುಸುಳುತ್ತಾ ಆ ಶಕ್ತಿಯನ್ನು ಶಾಖವಾಗಿಸುತ್ತದೆ. ಕುಣಿತ ನಿಲ್ಲುವುದು ಹೀಗೆ.

ಮನೆಯಲ್ಲಿ ಮಾಡಬಹುದಾದ ಕೆಲಸ ಕೀಲುಗಳದ್ದು. ಸೋಪುನೀರು, ಹಳೆಯ ಬ್ರಷ್ ಸಾಕು. ವಾಟರ್ ಸರ್ವಿಸ್‌ನ ರಭಸದ ನೀರು ಬೇಡ. ಅದು ಕೀಲಿನೊಳಗೆ ಹೊಕ್ಕು ಗ್ರೀಸನ್ನು ಹೊರದೂಡುತ್ತದೆ. ಬಳಿಕ ಸೀಟು ಹಿಡಿದು ಹಿಂದಿನ ಚಕ್ರವನ್ನು ಮೆಲ್ಲಗೆ ಎತ್ತಿ. ಚಕ್ರ ನೆಲ ಬಿಡುವ ಮುನ್ನವೇ ‘ಟಕ್’ ಎಂದರೆ ಬೋಲ್ಟ್ ಸಡಿಲವಾಗಿರಬಹುದು ಅಥವಾ ಬುಷ್ ಸವೆದಿರಬಹುದು.

ಸಾದಾ ಸ್ಪ್ರಿಂಗಿನ ಸೈಕಲ್ಲಾದರೆ, ಹಿಂದಿನ ಚಕ್ರದ ಮೇಲೆ ಭಾರ ಬೀಳದಂತೆ ಚೌಕಟ್ಟಿಗೆ ಆಧಾರ ಕೊಟ್ಟು, ಶಾಕ್‌ನ ಎರಡು ತುದಿಗಳ ಬೋಲ್ಟ್ ತೆಗೆಯಿರಿ. ವಾಷರ್‌ಗಳ ಕ್ರಮವನ್ನು ಮೊದಲೇ ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ ಮತ್ತೆ ಜೋಡಿಸಿ. ಬುಷ್ ಸವೆದಿದ್ದು ಅಂಗಡಿಯಲ್ಲಿ ಸಿಗದಿದ್ದರೆ ಪಕ್ಕದ ಪೀಣ್ಯದ ಲೇತ್ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ. ಅಳತೆಗೆ ಹಳೆಯದನ್ನು ಒಯ್ಯಿರಿ. ಬೋಲ್ಟನ್ನು ಅತಿಯಾಗಿ ಬಿಗಿದರೆ ಕೀಲು ಹಿಡಿದುಕೊಳ್ಳುತ್ತದೆ, ಸಡಿಲ ಬಿಟ್ಟರೆ ರಂಧ್ರ ಅಗಲವಾಗುತ್ತದೆ.

ಇನ್ನು ಪಾಲಕರ ಅರ್ಧ. ಸ್ಪ್ರಿಂಗನ್ನು ಹಿಡಿದಿಟ್ಟಿರುವ ದೊಡ್ಡ ನಟ್ಟನ್ನು ಪೂರ್ತಿ ಬಿಚ್ಚಬೇಡಿ; ಅದುಮಿಟ್ಟ ಸ್ಪ್ರಿಂಗ್ ಮುಖಕ್ಕೆ ಸಿಡಿಯಬಹುದು. ದುಬಾರಿ ಸೈಕಲ್ಲುಗಳಲ್ಲಿ ಉಕ್ಕಿನ ಸ್ಪ್ರಿಂಗಿಗೆ ಬದಲು ಗಾಳಿ ಇರುತ್ತದೆ. ಅದರ ಒತ್ತಡ 150 ಪಿಎಸ್‌ಐ ಎಂದಿಟ್ಟುಕೊಳ್ಳಿ. ಅಂದರೆ ಸುಮಾರು 10 ವಾಯುಭಾರ. ಹತ್ತು ಚದರ ಸೆಂಟಿಮೀಟರ್ ಪಿಸ್ಟನ್ ಮೇಲೆ ಇದು ನೂರು ಕಿಲೋ ಭಾರ ಹೇರಿದಂತೆ! ಎಣ್ಣೆಯ ಕೋಣೆಯ ಹಿಂದೆ ನೈಟ್ರೋಜನ್ ಅನಿಲವನ್ನು ಇನ್ನೂ ಹೆಚ್ಚಿನ ಒತ್ತಡದಲ್ಲಿ ತುಂಬಿರುವುದೂ ಉಂಟು. ಹೊರಗಿನಿಂದ ನೋಡಿದರೆ ಎರಡೂ ತಣ್ಣಗಿನ ಕೊಳವೆಗಳು. ಶೇಖರವಾದ ಶಕ್ತಿ ಕಣ್ಣಿಗೆ ಕಾಣುವುದಿಲ್ಲ, ಅಪಾಯವಿರುವುದೇ ಅಲ್ಲಿ. ಇಂಥ ಶಾಕನ್ನು ಹೊರಗೆ ಒರೆಸಿ ಬಿಡಿ. ಹೊಳೆಯುವ ಸರಳಿನ ಮೇಲೆ ಎಣ್ಣೆ ಜಿನುಗಿದ್ದರೆ ಬಲ್ಲ ಮೆಕ್ಯಾನಿಕ್ ಬಳಿಗೇ ಒಯ್ಯಿರಿ.

ಕೆಲಸ ಮುಗಿದ ಮೇಲೆ ಮನೆ ಸುತ್ತ ಒಂದು ಸುತ್ತು ಹೋಗಿಬಂದು ಎಲ್ಲ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ. ಮುಖ್ಯರಸ್ತೆಗೆ ಇಳಿಯುವುದು ಆಮೇಲೆ.