ಕಿಸೆಯ ಪೆನ್ನು

ಹಳ್ಳಿಯಿಂದ ನಗರಕ್ಕೆ ಬಂದವನ ಕಣ್ಣಿಗೆ ಮೊದಲು ಬೀಳುವುದು ಅಲ್ಲಿಯ ಬರಹ. ಚಿಂಚೋಳಿ ತಾಲೂಕಿನ ನಮ್ಮ ಐನಾಪುರದಲ್ಲಿ ಯಾರ ಮನೆ ಎಲ್ಲಿದೆಯೆಂದು ಗೋಡೆಯ ಮೇಲೆ ಬರೆದಿರುವುದಿಲ್ಲ. ಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರಾಯಿತು. ಮನೆಯನ್ನು ತೋರಿಸುವುದಲ್ಲದೆ, ಮನೆಯವರು ಈ ಹೊತ್ತಿಗೆ ಯಾವ ಹೊಲದಲ್ಲಿದ್ದಾರೆಂಬುದನ್ನೂ ಹೇಳಿಬಿಡುತ್ತಾರೆ. ಕಲಬುರಗಿಯಲ್ಲಾದರೋ ಎಲ್ಲಕ್ಕೂ ಬರಹವೇ ಬಾಯಿ. ಬಸ್ಸು ಹೋಗುವ ಊರು ಅದರ ಹಣೆಯ ಮೇಲಿದೆ. ಸಾಹೇಬರು ಸಿಗುವ ವೇಳೆ ಬಾಗಿಲ ಮೇಲಿದೆ. ಗುಳಿಗೆ ನುಂಗುವ ಕ್ರಮ ಚೀಟಿಯ ಮೇಲಿದೆ. ಓದಬಲ್ಲವನಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಮತ್ತೊಂದಿಲ್ಲ. ಓದಲಾರದವನಿಗೆ ಮಾತ್ರ ಇಡೀ ನಗರವೇ ಬಾಯಿ ಮುಚ್ಚಿಕೊಂಡು ನಿಂತಂತೆ.

ಪದವಿಯ ಓದಿಗಾಗಿ ಈ ನಗರಕ್ಕೆ ಬಂದು ನನಗೀಗ ಮೂರನೆಯ ವರ್ಷ. ಈ ಅವಧಿಯಲ್ಲಿ ಕೋಟೆಯನ್ನೂ, ಶರಣಬಸವೇಶ್ವರರ ಗುಡಿಯನ್ನೂ, ಬಂದೇನವಾಜರ ದರ್ಗಾವನ್ನೂ ನೋಡಿದ್ದೇನೆ. ಅವುಗಳ ವಿಷಯವಾಗಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ವಾಚಕರ ಮುಂದಿಡಬಯಸುವುದು ಬಸ್ ನಿಲ್ದಾಣದ ಕಂಬಗಳ ಬಳಿ, ಬ್ಯಾಂಕಿನ ಸಾಲಿನಲ್ಲಿ, ದವಾಖಾನೆಯ ಬಾಗಿಲಲ್ಲಿ ದಿನವೂ ನಡೆಯುವ ಒಂದು ಸಣ್ಣ ಮಾತುಕತೆಯನ್ನು.

ಕೇಂದ್ರ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತು ನೋಡಿ. “ತಮ್ಮಾ, ಈ ಬಸ್ಸು ಸೇಡಂಕ್ಕ ಹೋಗ್ತದೇನಪಾ?” ಎಂದು ಒಬ್ಬ ಮುದುಕ ಕೇಳುತ್ತಾನೆ. ತಾಂಡಾದ ತಾಯಿ ಲಂಬಾಣಿ ಬೆರೆಸಿದ ಕನ್ನಡದಲ್ಲಿ, ಗಡಿಯ ಕಡೆಯವರು ತೆಲುಗಿನಲ್ಲಿ, ಶಹಾಬಾದಿನ ಚಾಚಾ ದಖನಿಯಲ್ಲಿ ಕೇಳುವುದೂ ಇದನ್ನೇ. ಈ ಕೇಳುವವರು ಸಿಕ್ಕಸಿಕ್ಕವರನ್ನು ಕೇಳುವುದಿಲ್ಲವೆಂಬುದು ನಾನು ಕಂಡ ವಿಶೇಷ. ಮೊಬೈಲಿನಲ್ಲಿ ಮುಖ ಹುದುಗಿಸಿದವನನ್ನು ಬಿಡುತ್ತಾರೆ. ಕರಿ ಕನ್ನಡಕದ ಸಾಹೇಬರನ್ನೂ ಬಿಡುತ್ತಾರೆ. ಹೆಗಲಿಗೊಂದು ಚೀಲ, ಕಿಸೆಯಲ್ಲೊಂದು ಪೆನ್ನು ಇರುವ ಹುಡುಗನನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಅಂಕಪಟ್ಟಿಯನ್ನು ಅವರು ನೋಡಿಲ್ಲ, ಹೆಸರನ್ನೂ ಕೇಳಿಲ್ಲ. ಆದರೂ ನಮ್ಮನ್ನು ಓದಿದವರೆಂದು ನಂಬಿದ್ದಾರೆ.

ಇಂಥವರಿಗೆ ನಗರವು ಕೊಡುವ ಸಿದ್ಧ ಉತ್ತರವೊಂದುಂಟು: “ಅಲ್ಲಿ ಬರ್ದಾದ, ನೋಡ್ರಿ.” ಬೈಗುಳವಿಲ್ಲದ, ತಪ್ಪು ಹಿಡಿಯಲು ಬಾರದ ಈ ಮಾತಿಗಿಂತ ನಿರ್ದಯವಾದ ಮಾತನ್ನು ನಾನು ಈ ಊರಲ್ಲಿ ಕೇಳಿಲ್ಲ. ಒಂದು ಬ್ಯಾಂಕಿನಲ್ಲಿ ಅಜ್ಜಿಯೊಬ್ಬಳು, ತನ್ನ ಎರಡು ಸಾವಿರ ಬಂದಿದೆಯೇ ಎಂದು ಕೇಳಿದಾಗ, ಗುಮಾಸ್ತರು ತಲೆಯೆತ್ತದೆ ಗೋಡೆಯ ಮೇಲಿನ ಸೂಚನೆಯತ್ತ ಕೈ ಮಾಡಿದರು. ಅಜ್ಜಿ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಬಳಿಕ ನನ್ನ ಕಡೆಗೆ ತಿರುಗಿ, “ಗ್ವಾಡಿಗಿ ಏನಂತ ಕೇಳ್ಲಿ ತಮ್ಮಾ?” ಎಂದಳು. ಪಾಸ್‌ಬುಕ್ಕನ್ನು ಓದಿ ಹೇಳಿದೆ, ಚೀಟಿ ಬರೆದುಕೊಟ್ಟೆ, ಅವಳು ಹೆಬ್ಬೆಟ್ಟು ಒತ್ತಿದಳು. ನೋಟುಗಳನ್ನು ಎಣಿಸುವಾಗ ಮಾತ್ರ ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಓದು ಬಾರದ್ದು ಬುದ್ಧಿಯಿಲ್ಲದ್ದಕ್ಕೆ ಗುರುತೆಂದು ತಿಳಿಯುವವರು ನಮ್ಮ ಸೀಮೆಯ ಚರಿತ್ರೆಯನ್ನೇ ಮರೆತವರು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ ನಾಡಿನವರು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಹೊಗಳಿದೆ. ಆ ಹೊಗಳಿಕೆಯನ್ನು ನಾವು ಪರೀಕ್ಷೆಯಲ್ಲಿ ಅಂಕಗಳಿಗಾಗಿ ಬರೆಯುತ್ತೇವೆ. ಆ ಜನರ ಮಕ್ಕಳ ಮಕ್ಕಳು ಬಸ್ಸಿನ ಹೆಸರು ಕೇಳಿದರೆ ನಗುತ್ತೇವೆ.

ಇನ್ನೊಂದು ಮಾತು. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. 1956ರಲ್ಲಿ ಕನ್ನಡ ನಾಡು ಒಂದಾಯಿತು, ಕನ್ನಡ ಬಂತು. ಅದರ ಪಕ್ಕದಲ್ಲಿಯೇ ಇಂಗ್ಲಿಷೂ ಉಳಿಯಿತು. ಈಗ ಕಂಪ್ಯೂಟರು ಬಂದಿದೆ. ಕಾಗದದ ಭಾಷೆ ಇಷ್ಟು ಸಲ ಬದಲಾದರೂ ಅದರ ಕೆಳಗೆ ಹೆಬ್ಬೆಟ್ಟು ಒತ್ತುವವರು ಅಂದಿನಂತೆ ಇಂದೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಕ್ಷರಸ್ಥರು ನೂರಕ್ಕೆ 75ರಷ್ಟಿದ್ದರೆ ನಮ್ಮ ಜಿಲ್ಲೆಯಲ್ಲಿ 65ರಷ್ಟು. ಜಿಲ್ಲೆಯ ಹೆಂಗಸರಲ್ಲಿ 55ರಷ್ಟು ಮಾತ್ರ. ತೊಗರಿಯ ಹೊಲದಲ್ಲಿ ಕಳೆ ಕಿತ್ತು ಕಿತ್ತು ರೇಖೆ ಸವೆದ ಬೆರಳನ್ನು ಈಗಿನ ಯಂತ್ರ ಕೆಲವೊಮ್ಮೆ ಗುರುತಿಸುವುದೂ ಇಲ್ಲ.

2023ರ ಜೂನ್ 11ರಂದು ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಆರಂಭವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯೂ ಬಂತು. ಮೊದಲು ಗಂಡನೋ ಮಗನೋ ನಗರಕ್ಕೆ ಹೋಗಿ ಮಾಡಿಕೊಂಡು ಬರುತ್ತಿದ್ದ ಕೆಲಸಕ್ಕೆ ಈಗ ತಾಯಂದಿರು ತಾವೇ ಬರುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಟಿಕೆಟ್ಟಿಗೆ ಹಣ ಬೇಡವಾದ ಮಾತ್ರಕ್ಕೆ ಹಲಗೆಯ ಮೇಲಿನ ಅಕ್ಷರ ತಾನಾಗಿ ಮಾತಾಡುವುದಿಲ್ಲ. ಅದನ್ನು ಓದಿ ಹೇಳುವ ಬಾಯಿ ಬೇಕು.

ನನ್ನ ಕೆಲವು ಗೆಳೆಯರು ವಾದಿಸುತ್ತಾರೆ: “ಇದು ಕಚೇರಿಯವರ ಕೆಲಸ. ನಾವು ಮಾಡಿದರೆ ಅವರು ಇನ್ನಷ್ಟು ಮೈಗಳ್ಳರಾಗುತ್ತಾರೆ. ಈ ಜನರೂ ಓದು ಕಲಿಯುವುದಿಲ್ಲ.” ಮೊದಲನೆಯ ಮಾತಿನಲ್ಲಿ ಸತ್ಯವಿದೆ. ಬ್ಯಾಂಕಿನ ಅಚ್ಚಾದ ನಮೂನೆಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರಾಂತದ ಭಾಷೆ, ಹೀಗೆ ಮೂರರಲ್ಲಿಯೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಕನ್ನಡ ನಮೂನೆ ಇಲ್ಲದಿದ್ದರೆ ಕೇಳಿ ಪಡೆಯುವುದೂ ನಮ್ಮ ಕರ್ತವ್ಯ. ಎರಡನೆಯ ಮಾತನ್ನು ನಾನು ಒಪ್ಪಲಾರೆ. ಎಪ್ಪತ್ತು ದಾಟಿದ ಮುದುಕಿ ಮೊದಲು ಅಕ್ಷರ ಕಲಿತು ಆಮೇಲೆ ತನ್ನ ಹಣ ತೆಗೆದುಕೊಳ್ಳಲಿ ಎನ್ನುವುದು ನ್ಯಾಯವಲ್ಲ.

ಇದಕ್ಕಿಂತ ಗಂಭೀರವಾದ ಕಾರಣವೂ ಒಂದಿದೆ. ಎ.ಟಿ.ಎಂ. ಮುಂದೆ ನಿಂತ ಹಿರಿಯರು ಗುರುತಿಲ್ಲದ ಹುಡುಗನ ಕೈಗೆ ಕಾರ್ಡು ಕೊಟ್ಟು, ಗುಪ್ತಸಂಖ್ಯೆಯನ್ನು ಗಟ್ಟಿಯಾಗಿ ಕೂಗಿ ಹೇಳುವುದನ್ನು ನೀವೂ ಕಂಡಿರಬಹುದು. ಅವರು ಯಾರನ್ನಾದರೂ ನಂಬಲೇಬೇಕಾಗಿದೆ, ಬೇರೆ ದಾರಿಯಿಲ್ಲ. ನಾವು ಮುಖ ತಿರುಗಿಸಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಅಂಥವರಿಗಾಗಿಯೇ ಕಾದು ನಿಂತವನೊಬ್ಬ ಬಹಳ ವಿನಯದಿಂದ ಮುಂದೆ ಬರುತ್ತಾನೆ, ‘ಯಮ್ಮಾ’ ಎಂದು ಕರೆಯುತ್ತಾನೆ, ಒಂದು ವರ್ಷದ ಕೂಲಿಯನ್ನು ಒಂದು ನಿಮಿಷದಲ್ಲಿ ಒಯ್ಯುತ್ತಾನೆ.

ಆದುದರಿಂದ ಬರೆದುಕೊಡುವುದಕ್ಕೂ ಒಂದು ಶಿಸ್ತು ಬೇಕು. ಬರೆದದ್ದನ್ನು ಹೆಬ್ಬೆಟ್ಟು ಒತ್ತುವ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು. ಖಾಲಿ ಕಾಗದಕ್ಕೆ ಎಂದೂ ಒತ್ತಿಸಬಾರದು. ಅವರ ಕಾರ್ಡನ್ನು ನಾವು ಮುಟ್ಟಬಾರದು. ಅಂಕೆ ಬಲ್ಲವರು ತಾವೇ ಒತ್ತಲಿ, ಬಾರದವರನ್ನು ಒಳಗೆ ಬ್ಯಾಂಕಿನವರ ಬಳಿಗೆ ಕರೆದುಕೊಂಡು ಹೋಗೋಣ. “ಸಂಖ್ಯೆ ಯಾರಿಗೂ ಹೇಳಬ್ಯಾಡ್ರಿ, ನನಗೂ ಹೇಳಬ್ಯಾಡ್ರಿ” ಎಂದು ಹೇಳುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ. ಇದಕ್ಕಾಗಿ ಒಂದು ಪೈಸೆಯನ್ನೂ, ಒಂದು ಕಪ್ಪು ಚಹಾವನ್ನೂ ತೆಗೆದುಕೊಳ್ಳಕೂಡದು.

ನಮ್ಮ ಗುರುಗಳಲ್ಲಿ ಒಂದು ವಿನಂತಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಪ್ರತಿಯೊಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಈ ಗಂಟೆಗಳಲ್ಲಿ ಬಹುಭಾಗವನ್ನು ಕಾಲೇಜಿನ ಅಂಗಳದ ಕಸ ಗುಡಿಸುವುದರಲ್ಲಿ ಕಳೆಯುತ್ತೇವೆ. ಕಸವೂ ನಮ್ಮ ಮೇಲಿನ ಅಭಿಮಾನದಿಂದ ವರ್ಷವರ್ಷವೂ ತಪ್ಪದೆ ಬರುತ್ತದೆ. ಅದರಲ್ಲಿ ಕಾಲುಭಾಗವನ್ನಾದರೂ ಬಸ್ ನಿಲ್ದಾಣಕ್ಕೂ ಬ್ಯಾಂಕಿಗೂ ಕೊಡಬಾರದೇಕೆ? ಒಂದು ಮೇಜು, ಎರಡು ಪೆನ್ನು, ಕಾಲೇಜಿನ ಗುರುತುಚೀಟಿ ಹಾಕಿಕೊಂಡ ಇಬ್ಬರು ವಿದ್ಯಾರ್ಥಿಗಳು ಸಾಕು. ಗುರುತುಚೀಟಿ ಇದ್ದರೆ ಕೇಳುವವರಿಗೆ ಧೈರ್ಯ, ಮೋಸಗಾರನಿಗೆ ಭಯ.

ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೆ. ನನ್ನ ಅವ್ವ ಚಿಂಚೋಳಿಗೆ ಹೋದ ದಿನ ಯಾವ ಹುಡುಗನ ಕಿಸೆಯಲ್ಲಿ ಪೆನ್ನು ಇದೆಯೆಂದು ಹುಡುಕುತ್ತಾಳೋ, ಅವನು ಅವಳಿಗೆ ಏನು ಉತ್ತರ ಕೊಡುತ್ತಾನೋ ನಾನರಿಯೆ. ಅವನು ಹೇಗಿರಬೇಕೆಂದು ನಾನು ಬಯಸುತ್ತೇನೋ ಹಾಗೆ ಇಲ್ಲಿ, ಕಲಬುರಗಿಯಲ್ಲಿ, ಬೇರೊಬ್ಬರ ಅವ್ವನ ಮುಂದೆ ನಾನಿರಬೇಕಷ್ಟೆ. ಗೆಳೆಯರೇ, ಪದವಿಯ ಪ್ರಮಾಣಪತ್ರ ನಮಗೆ ನೌಕರಿ ಕೊಟ್ಟೀತು, ಕೊಡದೆಯೂ ಇದ್ದೀತು. ಅದು ಬರುವ ಮೊದಲೇ ಈ ಜನ ನಮ್ಮನ್ನು ಓದಿದವರೆಂದು ಒಪ್ಪಿಕೊಂಡಾಗಿದೆ. ನಾಳೆ ಬಸ್ ನಿಲ್ದಾಣದಲ್ಲಿ ಯಾರಾದರೂ “ತಮ್ಮಾ” ಎಂದು ಕರೆದರೆ ದಯವಿಟ್ಟು ತಿರುಗಿ ನೋಡಿ.

— ಅಂತಿಮ ಬಿ.ಎ. ವಿದ್ಯಾರ್ಥಿ, ಐನಾಪುರ