ಕ್ರಮಸಂಖ್ಯೆಯ ಸಾಕ್ಷ್ಯ

ವಿದ್ಯುತ್ ಗಿಟಾರಿನ ಕ್ರಮಸಂಖ್ಯೆಯನ್ನು ನೋಡಿದೊಡನೆ ಅದು ತಯಾರಾದ ವರ್ಷವನ್ನು ಹೇಳಿಬಿಡಬಹುದೆಂದು ಅನೇಕರು ತಿಳಿದಿದ್ದಾರೆ. ಇದು ಅರ್ಧ ಸತ್ಯವೆಂಬುದು ನನ್ನ ಅಭಿಪ್ರಾಯ.

ಅಮೆರಿಕದ ಗಿಬ್ಸನ್ ಕಂಪನಿಯು 1977ರಲ್ಲಿ ತಂದ ಎಂಟಂಕಿಯ ಪದ್ಧತಿ ಸ್ಪಷ್ಟವಾದುದೇ ಸರಿ. ಒಂದನೆಯ ಮತ್ತು ಐದನೆಯ ಅಂಕಿಗಳು ವರ್ಷವನ್ನೂ ನಡುವಣ ಮೂರು ವರ್ಷದ ಎಷ್ಟನೆಯ ದಿನವೆಂಬುದನ್ನೂ ತಿಳಿಸುತ್ತವೆ. 80322 ಎಂದು ಆರಂಭವಾದರೆ 1982ರ ಫೆಬ್ರವರಿ 1. ಆದರೆ ಇದೇ ಕಂಪನಿ 1960ರ ದಶಕದಲ್ಲಿ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳ ವಾದ್ಯಗಳಿಗೆ ಹಾಕಿತ್ತು!

ಫೆಂಡರ್ ಗಿಟಾರುಗಳ ಸಂಗತಿ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಸಂಖ್ಯೆಯಿದ್ದುದು ಬೆನ್ನಿಗೆ ಬಿಗಿದ ಲೋಹದ ತಗಡಿನ ಮೇಲೆ. ತಗಡುಗಳನ್ನು ಕೆಲಸಗಾರರು ಕ್ರಮವಾಗಿಯೇ ಬಳಸುತ್ತಿರಲಿಲ್ಲ. ಮೇಲಾಗಿ, ನಾಲ್ಕು ತಿರುಪು ಬಿಚ್ಚಿದರೆ ಒಂದರ ತಗಡು ಇನ್ನೊಂದಕ್ಕೆ ಹೋಗುತ್ತದೆ. 1965ರಲ್ಲಿ ಸಿಬಿಎಸ್ ಸಂಸ್ಥೆ ಫೆಂಡರನ್ನು ಕೊಂಡಿತು. ಅದಕ್ಕೆ ಹಿಂದಿನವುಗಳಿಗೆ ಬೆಲೆ ಬಹಳ ಹೆಚ್ಚು. ಆಸೆ ಹುಟ್ಟಲು ಇನ್ನೇನು ಬೇಕು?

ನಮ್ಮ ತಂದೆಯವರ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಅದು ಮೇಷ್ಟ್ರು ಬರೆದುಕೊಂಡದ್ದು. ಹೆತ್ತ ಅಜ್ಜಿ ಹೇಳುವುದು ಸುಗ್ಗಿಯ ಕಾಲವೆಂದು. ನಾನು ನಂಬುವುದು ಅಜ್ಜಿಯನ್ನು.

ಗಿಟಾರಿಗೂ ಅಂಥ ಸಾಕ್ಷಿಗಳುಂಟು. ಕತ್ತಿನ ಬುಡದಲ್ಲಿ ಪೆನ್ಸಿಲಿನಲ್ಲಿ ಬರೆದ ಇಲ್ಲವೆ ಮುದ್ರೆಯೊತ್ತಿದ ತಿಂಗಳು, ವರ್ಷ ಒಂದು. ಒಳಗಿನ ಪೊಟೆನ್ಷಿಯೋಮೀಟರಿನ ಅಂಕಿ ಇನ್ನೊಂದು: 1376618 ಎಂದರೆ ಸಿಟಿಎಸ್ ಕಂಪನಿ, 1966, ಹದಿನೆಂಟನೆಯ ವಾರ. ಆದರೆ ಫೆಂಡರಿನವರು 1966ರಲ್ಲಿ ಇವನ್ನು ರಾಶಿಯಾಗಿ ಕೊಂಡು ಮುಂದೆ ಕೆಲವು ವರ್ಷ ಬಳಸಿದರು. ಆದುದರಿಂದ ವಾದ್ಯ ಅದಕ್ಕಿಂತ ಹಳೆಯದಲ್ಲವೆಂದಷ್ಟೇ ತಿಳಿಯಬೇಕು, ಅದೂ ಆ ಭಾಗವನ್ನು ಬದಲಾಯಿಸಿರದಿದ್ದರೆ.

ಕೊಳ್ಳುವವನು ತಿರುಪು ಬಿಚ್ಚಿ ತೋರಿಸೆಂದು ಕೇಳಲಿ. ಮಾರುವವನು ಒಲ್ಲೆನೆಂದರೆ ಹಣ ಜೇಬಿನಲ್ಲೇ ಇರಲಿ.