ತೋಳಕ್ಕೆ ತುತ್ತಿಟ್ಟವರು ಯಾರು?

ಕಳೆದ ವರ್ಷ ತವರೂರು ರಾಮಕುಂಜಕ್ಕೆ ಹೋಗಿದ್ದಾಗ ಒಂದು ಸಭೆಯಲ್ಲಿ ಕುಳಿತುಕೊಳ್ಳಬೇಕಾಗಿ ಬಂತು. ಮಕ್ಕಳ ಕಾರ್ಯಕ್ರಮ. ಮುಖ್ಯ ಅತಿಥಿಗಳು ವಿಜ್ಞಾನ ಬಲ್ಲವರು, ಒಳ್ಳೆಯ ಮಾತುಗಾರರು. ಬೆಂಕಿಯಿಂದ ಹಿಡಿದು ರಾಕೆಟ್ಟಿನವರೆಗೆ ಮನುಷ್ಯನ ಕಥೆಯನ್ನು ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದರು. ನಡುವೆ ನಾಯಿಯ ಪ್ರಸ್ತಾಪ ಬಂತು. ಆದಿಮಾನವ ಈಟಿ ಹಿಡಿದು ಕಾಡಿಗೆ ನುಗ್ಗಿದನಂತೆ, ತೋಳವನ್ನು ಸೋಲಿಸಿ, ಕುತ್ತಿಗೆಗೆ ಹಗ್ಗ ಬಿಗಿದು ಗುಹೆಗೆ ಎಳೆದು ತಂದನಂತೆ. ಆ ತೋಳವೇ ಇವತ್ತು ನಮ್ಮ ಅಂಗಳದಲ್ಲಿ ಬಾಲ ಅಲ್ಲಾಡಿಸುವ ನಾಯಿಯಂತೆ. ಮಕ್ಕಳು ಚಪ್ಪಾಳೆ ತಟ್ಟಿದರು.

ನನ್ನ ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ಅಜ್ಜಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ ಕೇಳಿದರು, "ಎಳೆದು ತಂದದ್ದು ಸರಿ. ಮತ್ತೆ ಅದಕ್ಕೆ ತಿನ್ನಲಿಕ್ಕೆ ಕೊಟ್ಟದ್ದು ಯಾರಂತೆ?"

ಸಭೆ ಮುಗಿದ ಮೇಲೆ ನಾನು ಅತಿಥಿಗಳ ಬಳಿ ಹೋಗಿ ಅದೇ ಪ್ರಶ್ನೆ ಕೇಳಿದೆ. ಅವರು ನಕ್ಕರು. "ಅಡುಗೆಮನೆಗೆ ಪುರಾವೆ ಎಲ್ಲಿದೆ ಅಮ್ಮಾ?" ಎಂದರು. ಹಗ್ಗಕ್ಕೂ ಈಟಿಗೂ ಪುರಾವೆ ಎಲ್ಲಿದೆ ಸ್ವಾಮೀ ಎಂದು ಕೇಳುವಷ್ಟರಲ್ಲಿ ಕಾರು ಹೊರಟಿತ್ತು. ಅಂದು ಬಾಯಲ್ಲೇ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಾಯಿ ಯಾವಾಗಲೂ ಅಪ್ಪನದು. ತೋಟಕ್ಕೆ ಬಂದ ಹಂದಿಯನ್ನು ಅಟ್ಟಿದರೆ "ನನ್ನ ಟೈಗರ್" ಎಂದು ಜಗಲಿಯಲ್ಲಿ ಕುಳಿತವರಿಗೆಲ್ಲ ಹೇಳುತ್ತಿದ್ದರು. ಅದೇ ಟೈಗರ್ ನೆರೆಮನೆಯ ಕೋಳಿ ಹಿಡಿದ ದಿನ ಮಾತ್ರ "ನಿನ್ನ ನಾಯಿ ಮಾಡಿದ ಕೆಲಸ ನೋಡು" ಎಂದು ಅಮ್ಮನಿಗೆ ಬೈಗುಳ. ಉಳಿದ ಕುಚ್ಚಲಕ್ಕಿ ಅನ್ನವನ್ನು ಗಂಜಿ ತಿಳಿಯಲ್ಲಿ ಕಲಸಿ, ಅಡಿಕೆ ಹಾಳೆಯ ತುಂಡಿನಲ್ಲಿ ಹಾಕಿ, ಬಾವಿಕಟ್ಟೆಯ ಆಚೆ ಇಡುತ್ತಿದ್ದವಳು ಅಮ್ಮ. ಆಟಿಯ ಮಳೆಯಲ್ಲಿ ಅದು ಬಚ್ಚಲ ಒಲೆಯ ಬೂದಿಯಲ್ಲಿ ಸುರುಟಿ ಮಲಗಿದರೆ ಕಂಡೂ ಕಾಣದ ಹಾಗೆ ಇರುತ್ತಿದ್ದವಳೂ ಅವಳೇ. ಅನ್ನ ಕಡಿಮೆ ಬಿದ್ದ ರಾತ್ರಿ ತನ್ನ ಬಟ್ಟಲಿನಿಂದ ಎರಡು ತುತ್ತು ಎತ್ತಿಡುತ್ತಿದ್ದಳು. ನಾಯಿ ಯಾರದೆಂದು ನಾಯಿಯನ್ನು ಕೇಳಿದ್ದರೆ ತಿಳಿಯುತ್ತಿತ್ತು.

ನಮ್ಮ ಕಡೆ ತೋಳವಿಲ್ಲ. ಕುಮಾರಧಾರೆಯ ಈ ಕಾಡುಗಳಲ್ಲಿ ನರಿ ಇದೆ, ಚಿರತೆ ಇದೆ, ಘಟ್ಟದ ಬುಡಕ್ಕೆ ಹೋದರೆ ಸೀಳುನಾಯಿ ಇದೆ. ಸೀಳುನಾಯಿ ಹೆಸರಿಗಷ್ಟೇ ನಾಯಿ, ಅದರ ವಂಶವೇ ಬೇರೆ. ತೋಳ ಬಯಲುಸೀಮೆಯ ಪ್ರಾಣಿ. ಕೊಪ್ಪಳ ಜಿಲ್ಲೆಯ ಗಂಗಾವತಿ ಸಮೀಪ ಬಂಕಾಪುರದಲ್ಲಿ ಅದಕ್ಕೆಂದೇ ಒಂದು ಧಾಮವಿದೆ. ಆದರೆ ನಮ್ಮ ನಾಯಿಗಳು ಆ ತೋಳದ ಮಕ್ಕಳೂ ಅಲ್ಲ. 2022ರಲ್ಲಿ ಹಳೆಯ ತೋಳಗಳ ಎಲುಬಿನಿಂದ ವಂಶವಾಹಿ ತೆಗೆದು ಹೋಲಿಸಿದವರು ಹೇಳುವ ಪ್ರಕಾರ, ನಾಯಿಗೆ ಹತ್ತಿರದ ನಂಟರು ಹಿಮಯುಗದಲ್ಲಿ ಏಷ್ಯಾದ ಪೂರ್ವಭಾಗದಲ್ಲಿದ್ದ ತೋಳಗಳು. ನೇರ ಪೂರ್ವಜರೆಂದು ಬೆರಳಿಟ್ಟು ತೋರಿಸಬಹುದಾದ ತೋಳ ಇನ್ನೂ ಸಿಕ್ಕಿಲ್ಲ.

ಈಗ ಈಟಿಯ ಕಥೆಗೆ ಬರೋಣ. ಬೆಳೆದ ತೋಳವನ್ನು ಹಗ್ಗ ಕಟ್ಟಿ ತಂದು ಪಳಗಿಸುವುದು ಬಹಳ ಕಷ್ಟ. ತೋಳ ಸಾಕಿ ನೋಡಿದ ವಿಜ್ಞಾನಿಗಳೇ ಹೇಳಿದ್ದಾರೆ, ಮರಿಗೆ ಮೂರು ವಾರ ದಾಟುವ ಮೊದಲೇ ತಾಯಿಯಿಂದ ಬೇರೆ ಮಾಡಿ, ಹಗಲೂ ರಾತ್ರಿ ಮೈಗೆ ಅಂಟಿಸಿಕೊಂಡು ಸಾಕಿದರೆ ಮಾತ್ರ ಅದು ಮನುಷ್ಯನನ್ನು ಸಹಿಸುತ್ತದೆ. ಆಮೇಲೆ ತಂದರೆ ಹೆದರಿಕೆ ಹೋಗುವುದಿಲ್ಲ. ಮೂರು ವಾರದೊಳಗಿನ ಮರಿ ಎಂದರೆ ಏನು? ಮೊನ್ನೆ ಮೊನ್ನೆ ಕಣ್ಣು ಬಿಟ್ಟದ್ದು, ಹಾಲು ಮಾತ್ರ ಕುಡಿಯುವಂಥದ್ದು, ಕೆಲವು ಗಂಟೆಗೊಮ್ಮೆ ಹಸಿದು ಕುಂಯ್ಗುಡುವಂಥದ್ದು. ಹೆತ್ತು ಸಾಕಿದ ನಿಮಗೆ ಅದನ್ನು ವಿವರಿಸಬೇಕಾಗಿಲ್ಲ.

ಆ ಹಾಲು ಎಲ್ಲಿಂದ ಬಂತು? ನಾಯಿ ಮನುಷ್ಯನ ಜೊತೆ ಸೇರಿದ್ದು ಕನಿಷ್ಠ 14,000 ವರ್ಷಗಳ ಹಿಂದೆ, ಬಹುಶಃ ಅದಕ್ಕೂ ಬಹಳ ಮೊದಲು. ಆಡು ಕುರಿ ದನಗಳನ್ನು ಸಾಕತೊಡಗಿದ್ದು ಸುಮಾರು 10,000 ವರ್ಷಗಳ ಹಿಂದೆ. ಅಂದರೆ ಮೊದಲ ತೋಳದ ಮರಿ ಗುಡಾರಕ್ಕೆ ಬಂದಾಗ ಹಟ್ಟಿಯಲ್ಲಿ ದನವಿರಲಿಲ್ಲ. ಹಟ್ಟಿಯೇ ಇರಲಿಲ್ಲ. ಅಷ್ಟು ಎಳೆಯ ಮರಿಯನ್ನು ತಂದು ಬದುಕಿಸಿದ್ದೇ ನಿಜವಾದರೆ, ಅಲ್ಲಿ ಹಾಲಿದ್ದ ಪಾತ್ರೆ ಒಂದೇ. ಅದು ಮಗುವನ್ನು ಹೆತ್ತ ಹೆಂಗಸಿನ ಎದೆ.

ಇದನ್ನು ಓದಿ ಮುಖ ಸಿಂಡರಿಸುವವರು ಇದ್ದಾರು. ಇದು ನಾನು ಕಟ್ಟಿದ ಕಥೆಯಲ್ಲ. ನ್ಯೂಗಿನಿಯಲ್ಲಿ, ಅಮೆಜಾನ್ ಕಾಡುಗಳಲ್ಲಿ ಹೆಂಗಸರು ನಾಯಿಮರಿ, ಹಂದಿಮರಿಗಳಿಗೆ ಮೊಲೆಯೂಡಿದ್ದನ್ನು ಅಲ್ಲಿಗೆ ಹೋದವರು ಕಂಡು ಬರೆದಿದ್ದಾರೆ. ಅಷ್ಟು ದೂರ ಯಾಕೆ, ರಾಜಸ್ಥಾನದ ಬಿಷ್ಣೋಯಿ ತಾಯಂದಿರು ತಬ್ಬಲಿ ಜಿಂಕೆಮರಿಗೆ ಹಾಲುಣಿಸುವ ಚಿತ್ರವನ್ನು ನೀವೂ ಪತ್ರಿಕೆಗಳಲ್ಲಿ ನೋಡಿರಬಹುದು.

ಇನ್ನೊಂದು ಪಕ್ಷದವರು ಇದನ್ನು ಒಪ್ಪುವುದಿಲ್ಲ. ಅವರಲ್ಲಿ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ಎಂಬ ಅಮೆರಿಕದ ದಂಪತಿಗಳು ಮುಖ್ಯರು. ಯಾರೂ ಮರಿ ತರಲಿಲ್ಲ, ತೋಳವೇ ತಾನಾಗಿ ಬಂತು ಎನ್ನುತ್ತಾರೆ ಅವರು. ಮನುಷ್ಯ ನೆಲೆ ನಿಂತಲ್ಲಿ ಎಸೆದ ಎಲುಬು, ಹಳಸಲು, ಹೊಲಸು ರಾಶಿ ಬಿದ್ದಿರುತ್ತದೆ. ಹೆದರಿ ಓಡುವ ತೋಳ ಉಪವಾಸ, ಸ್ವಲ್ಪ ಧೈರ್ಯದಿಂದ ನಿಂತದ್ದಕ್ಕೆ ಹೊಟ್ಟೆ ತುಂಬ. ಹೀಗೆ ಧೈರ್ಯದ್ದರ ಮಕ್ಕಳು ಮೊಮ್ಮಕ್ಕಳು ನಾಯಿಯಾದವು. ಆದರೆ ಅಲೆಯುತ್ತಾ ಬೇಟೆಯಾಡುತ್ತಿದ್ದ ಹಿಮಯುಗದವರ ಬಳಿ ಅಂಥ ರಾಶಿ ಎಲ್ಲಿತ್ತು ಎಂದು ಕೇಳುವವರೂ ಇದ್ದಾರೆ. ಅದಕ್ಕೆ 2021ರಲ್ಲಿ ಫಿನ್ಲೆಂಡಿನ ಸಂಶೋಧಕರು ಒಂದು ಸೊಗಸಾದ ಉತ್ತರ ಕೊಟ್ಟರು. ಘೋರ ಚಳಿಗಾಲದಲ್ಲಿ ಬೇಟೆಯ ಪ್ರಾಣಿಗಳ ಮೈಯಲ್ಲಿ ಕೊಬ್ಬಿರುವುದಿಲ್ಲ. ಬರೀ ಕೊಬ್ಬಿಲ್ಲದ ಮಾಂಸವನ್ನು ಮನುಷ್ಯನ ಯಕೃತ್ತು ಒಂದು ಮಿತಿಗಿಂತ ಹೆಚ್ಚು ತಾಳಿಕೊಳ್ಳದು. ತೋಳ ಅದನ್ನೇ ತಿಂದು ತಿಂಗಳುಗಟ್ಟಲೆ ಇರಬಲ್ಲದು. ಆದ್ದರಿಂದ ಮಿಕ್ಕ ಮಾಂಸ ತೋಳಕ್ಕೆ ಹೋಯಿತು, ಜಗಳವಿಲ್ಲದೆ ಇಬ್ಬರಿಗೂ ಹೊಟ್ಟೆ ತುಂಬಿತು ಎಂದು ಅವರ ಲೆಕ್ಕ.

ಯಾವುದನ್ನಾದರೂ ಒಪ್ಪಿರಿ. ಮರಿಯ ಕಥೆಯಾದರೆ ಹಾಲು, ರಾಶಿಯ ಕಥೆಯಾದರೆ ಉಳಿದದ್ದು, ಫಿನ್ಲೆಂಡಿನವರದಾದರೆ ಮಿಕ್ಕದ್ದು. ಮೂರರಲ್ಲೂ ತುತ್ತೇ ಇದೆ, ಈಟಿ ಎಲ್ಲೂ ಇಲ್ಲ. ಎಲ್ಲವನ್ನೂ ಹೆಂಗಸರೇ ಮಾಡಿದರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಆ ಭಾಷಣಕಾರರಿಗೂ ನನಗೂ ವ್ಯತ್ಯಾಸವೇನು? ಅಂದು ತುತ್ತು ಇಟ್ಟವರು ಗಂಡಸರೂ ಇದ್ದಿರಬಹುದು, ಮಕ್ಕಳಂತೂ ಖಂಡಿತ ಇದ್ದಿರಬೇಕು. ಕಥೆ ಹೇಳುವಾಗ ಸಾಕಣೆಯ ಭಾಗವನ್ನೇ ಕತ್ತರಿಸಿ ಎಸೆದು, ಗೆಲುವಿನ ಭಾಗವನ್ನು ಹೊಸದಾಗಿ ಹೊಲಿದು ಸೇರಿಸುತ್ತಾರಲ್ಲ, ಅದಕ್ಕೆ ನನ್ನ ಆಕ್ಷೇಪ.

ಪುರಾವೆ ಕೇಳಿದ್ದರಲ್ಲ, ಜರ್ಮನಿಯ ಬಾನ್ ನಗರದ ಪಕ್ಕದ ಓಬರ್‌ಕಾಸೆಲ್‌ನಲ್ಲಿದೆ. 1914ರಲ್ಲಿ ಕಲ್ಲುಕೋರೆಯ ಕೆಲಸಗಾರರಿಗೆ ಅಲ್ಲಿ ಒಂದು ಗೋರಿ ಸಿಕ್ಕಿತು. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬಳು ಹೆಂಗಸು, ಜೊತೆಯಲ್ಲಿ ಒಂದು ನಾಯಿಮರಿ. 2018ರಲ್ಲಿ ಆ ಮರಿಯ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದಾಗ ಅದಕ್ಕೆ ಡಿಸ್ಟೆಂಪರ್ ರೋಗ ಬಂದಿತ್ತೆಂದು ತಿಳಿಯಿತು. ನಾಯಿ ಸಾಕಿದವರಿಗೆ ಗೊತ್ತು, ವಾಂತಿ, ಭೇದಿ, ಸೆಳೆತ, ನಿಲ್ಲಲೂ ಆಗದ ಸ್ಥಿತಿ. ಆರೈಕೆ ಇಲ್ಲದಿದ್ದರೆ ಮೂರು ವಾರದಲ್ಲಿ ಮುಗಿಯುತ್ತದೆ. ಈ ಮರಿ ಸುಮಾರು ಎಂಟು ವಾರ ಬದುಕಿತ್ತು, ಏಳು ತಿಂಗಳ ಪ್ರಾಯದಲ್ಲಿ ಸತ್ತಿತು. ಅಷ್ಟು ದಿನ ಯಾರೋ ಅದನ್ನು ಬೆಚ್ಚಗಿಟ್ಟಿದ್ದಾರೆ, ಬಾಯಿಗೆ ನೀರು ಬಿಟ್ಟಿದ್ದಾರೆ, ಹೊಲಸು ಬಳಿದಿದ್ದಾರೆ. ಬೇಟೆಗೆ ಅದು ಮೂರು ಕಾಸಿನ ಪ್ರಯೋಜನಕ್ಕೂ ಇರಲಿಲ್ಲ. ಹೊಲಸು ಬಳಿಯುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂದು ನಾನು ಹೇಳಬೇಕೆ?

ರಷ್ಯದ ನೊವೊಸಿಬಿರ್ಸ್ಕ್‌ನಲ್ಲಿ 1959ರಲ್ಲಿ ಆರಂಭವಾದ ನರಿಗಳ ಪ್ರಯೋಗ ಪ್ರಸಿದ್ಧ. ಮನುಷ್ಯನಿಗೆ ಹೆದರದ, ಕಚ್ಚಲು ಬಾರದ ನರಿಗಳನ್ನು ಮಾತ್ರ ಆರಿಸಿ ಮರಿ ಮಾಡಿಸಿದರು. ನಾಲ್ಕನೆಯ ತಲೆಮಾರಿಗೇ ಒಂದು ಮರಿ ಬಾಲ ಅಲ್ಲಾಡಿಸಿತು. ಮುಂದೆ ಕಿವಿ ಜೋತುಬಿತ್ತು, ಬಾಲ ಸುರುಟಿತು. ಅವು ಮೊದಲೇ ಫಾರಂನಲ್ಲಿ ಬೆಳೆದ ನರಿಗಳು, ಪೂರ್ತಿ ಕಾಡಿನವಲ್ಲ ಎಂಬ ಟೀಕೆಯೂ ಇದೆ, ಅದು ನ್ಯಾಯವೇ. ಎಲ್ಲ ಪುಸ್ತಕಗಳೂ ಇದನ್ನು ಬೆಲ್ಯಾಯೆವ್ ಪ್ರಯೋಗ ಎನ್ನುತ್ತವೆ. ಪಂಜರದಿಂದ ಪಂಜರಕ್ಕೆ ಹೋಗಿ ನರಿಗಳನ್ನು ಆರಿಸಿದವಳು, ಪುಶಿಂಕಾ ಎಂಬ ನರಿಯ ಜೊತೆ ಒಂದೇ ಮನೆಯಲ್ಲಿ ವಾಸ ಮಾಡಿದವಳು, ಬೆಲ್ಯಾಯೆವ್ 1985ರಲ್ಲಿ ತೀರಿಕೊಂಡ ಮೇಲೂ ಅದನ್ನು ನಡೆಸಿಕೊಂಡು ಬಂದವಳು ಲ್ಯುಡ್ಮಿಲಾ ಟ್ರುಟ್. 2024ರಲ್ಲಿ ಆಕೆ ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತಿತ್ತು?

ನಮ್ಮ ಗಂಜಿಗೂ ಪುರಾವೆ ಇದೆ. ಪಿಷ್ಟವನ್ನು ಅರಗಿಸುವ ಒಂದು ವಂಶವಾಹಿ ತೋಳದಲ್ಲಿ ಎರಡೇ ಪ್ರತಿ ಇರುತ್ತದೆ, ಹೆಚ್ಚಿನ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದೆ ಎಂದು 2013ರಲ್ಲಿ ಸ್ವೀಡನ್ನಿನವರು ಕಂಡುಹಿಡಿದರು. ಬೇಸಾಯ ಬಂದ ಮೇಲೆ ಸಾವಿರಾರು ವರ್ಷ ಮನೆಯ ಅನ್ನ, ರೊಟ್ಟಿ ತಿಂದು ತಿಂದು ಆದ ಬದಲಾವಣೆ ಇದು. ಅಮ್ಮನ ಹಾಳೆಯ ತುಂಡು ಟೈಗರನ ರಕ್ತದಲ್ಲೇ ಬರೆದಿದೆ ಎಂದಾಯಿತು.

ನಮ್ಮ ನಾಡಿನಲ್ಲೂ ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು, 949-50ರದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಕೊಟ್ಟ ನಾಯಿಯ ಹೆಸರು ಕಾಳಿ. ಅದು ಹಂದಿಯ ಮೇಲೆ ಬಿದ್ದು ಎರಡೂ ಸತ್ತವು, ಅದರ ನೆನಪಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಕಾಳಿ ಎಂದ ಮೇಲೆ ಹೆಣ್ಣೇ ಇರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ನನಗೆ ಇಷ್ಟವಾದದ್ದು ಹಂದಿಯ ಕಾಳಗವಲ್ಲ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿ ಉಣ್ಣಬಾರದು ಎಂಬ ಕಟ್ಟಳೆ. ಮಹಾಭಾರತದ ಕೊನೆಗೆ ಧರ್ಮರಾಯನ ಹಿಂದೆ ಬಂದ ನಾಯಿ ಎಲ್ಲರಿಗೂ ಗೊತ್ತು. ಆದಿಪರ್ವದ ಆರಂಭದಲ್ಲೇ ಒಂದು ಹೆಣ್ಣುನಾಯಿ ಇರುವುದನ್ನು ಯಾರೂ ಹೇಳುವುದಿಲ್ಲ. ತಪ್ಪು ಮಾಡದ ತನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಸರಮೆ ಜನಮೇಜಯನ ಯಜ್ಞಶಾಲೆಗೇ ಬಂದು ಕೇಳುತ್ತಾಳೆ. ಉತ್ತರ ಸಿಗುವುದಿಲ್ಲ, ಶಾಪ ಕೊಟ್ಟು ಹೋಗುತ್ತಾಳೆ.

ಆ ಸಭೆಯಿಂದ ಪುತ್ತೂರಿಗೆ ಹಿಂದಿರುಗುವಾಗ ಆತೂರಿನ ಬಳಿ ಮಾರ್ಗದ ಬದಿಯಲ್ಲಿ ಒಂದು ಗೋಣಿ ಅಲುಗಾಡುತ್ತಿತ್ತು. ರಿಕ್ಷಾ ನಿಲ್ಲಿಸಿ ಬಿಚ್ಚಿದೆವು. ನಾಲ್ಕು ಮರಿ, ನಾಲ್ಕೂ ಹೆಣ್ಣು. ಕಣ್ಣು ಬಿಟ್ಟು ವಾರವಾಗಿರಬಹುದು. ರಿಕ್ಷಾದವನಿಗೆ ಆಶ್ಚರ್ಯವೇ ಆಗಲಿಲ್ಲ. "ಗಂಡು ಇದ್ದರೆ ಇಟ್ಟುಕೊಳ್ಳುತ್ತಿದ್ದರು ಅಕ್ಕಾ" ಎಂದ.

ಬೈಯಲು ಬಾಯಿ ಬಂತು. ಆದರೆ ಯಾರನ್ನು ಬೈಯಲಿ? ನನಗೆ ಹತ್ತು ವರ್ಷವಿದ್ದಾಗ ನಮ್ಮ ಮನೆಯ ನಾಯಿ ಐದು ಮರಿ ಹಾಕಿತ್ತು. ಮೂರು ಹೆಣ್ಣುಮರಿಗಳನ್ನು ಮುಸ್ಸಂಜೆ ಗೋಣಿಯಲ್ಲಿ ಹಾಕಿ ಹೊಳೆಯಾಚೆ ಬಿಡಲು ಕೊಂಡೊಯ್ದರು. ಗೋಣಿಯ ಬಾಯಿ ಹಿಡಿದದ್ದು ನಾನು, ಕಟ್ಟಲು ಬಾಳೆಯ ಬಳ್ಳಿ ತಂದುಕೊಟ್ಟದ್ದು ಅಮ್ಮ. ದಿನಾ ಹಾಳೆಯಲ್ಲಿ ಅನ್ನ ಇಟ್ಟ ಅದೇ ಅಮ್ಮ. ತಾಯಿನಾಯಿ ಮೂರು ದಿನ ಬಾವಿಕಟ್ಟೆ, ಹಟ್ಟಿ, ಸೌದೆಕೊಟ್ಟಿಗೆ ಎಲ್ಲ ಮೂಸುತ್ತ ತಿರುಗಿತು. ಅಮ್ಮ ಇಟ್ಟ ಅನ್ನ ಮುಟ್ಟಲಿಲ್ಲ. ಅಮ್ಮನೂ ಆ ಮೂರು ದಿನ ಸರಿಯಾಗಿ ಉಂಡದ್ದು ನನಗೆ ನೆನಪಿಲ್ಲ. ಆದರೂ ಮುಂದಿನ ವರ್ಷ ಮತ್ತೆ ಗೋಣಿ ಬಂತು.

ಆಗ ಬೇರೆ ದಾರಿ ಇರಲಿಲ್ಲ ಎನ್ನಬಹುದು. ಈಗ ಇದೆಯಲ್ಲ? ಹೆಣ್ಣುನಾಯಿಗೆ ಆಪರೇಶನ್ ಮಾಡಿಸಬಹುದು, ಹುಚ್ಚಿನ ಲಸಿಕೆ ಹಾಕಿಸಬಹುದು. ಬೀದಿನಾಯಿಯ ಹಾವಳಿ ಎಂದು ಪೇಟೆಯಲ್ಲಿ ಸಭೆ ಮಾಡುವವರೇ, ಆ ಬೀದಿನಾಯಿ ಎಲ್ಲಿಂದ ಬಂತು? ನಮ್ಮ ಗೋಣಿಗಳಿಂದಲೂ ಬಂತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯದಲ್ಲಿ ಕೂಡಿಹಾಕಲು ಹೇಳಿತು, 22ರಂದು ಅದನ್ನು ತಿದ್ದಿ, ರೇಬಿಸ್ ಇಲ್ಲದ, ಕಚ್ಚುವ ಸ್ವಭಾವವಿಲ್ಲದ ನಾಯಿಗಳನ್ನು ಆಪರೇಶನ್, ಲಸಿಕೆ ಮಾಡಿ ಹಿಂದಕ್ಕೆ ಬಿಡಬೇಕೆಂದಿತು. ಅನ್ನ ಹಾಕಲು ಬೇರೆ ಜಾಗ ಗುರುತಿಸಲು ಹೇಳಿತು. ಮಗುವಿಗೆ ನಾಯಿ ಕಚ್ಚಿದ ತಾಯಿಯ ಹೆದರಿಕೆ ಸುಳ್ಳಲ್ಲ, ರೇಬಿಸ್ ಬಂದರೆ ಉಳಿಗಾಲವಿಲ್ಲ. ಅದನ್ನು ಬಲ್ಲೆ. ಆದರೆ ರಾತ್ರಿ ಅನ್ನ ಹಾಕುವ ಹೆಂಗಸನ್ನು ಗೇಟಿನಲ್ಲಿ ನಿಂತು ಬೈಯುವವರು, ಹಗಲು ಗೋಣಿ ಕಟ್ಟಿದವನನ್ನು ಒಮ್ಮೆಯಾದರೂ ಕೇಳಿದ್ದಾರೆಯೇ?

ಆತೂರಿನ ನಾಲ್ಕರಲ್ಲಿ ಎರಡು ಮರಿ ಅದೇ ವಾರ ಸತ್ತವು. ಎರಡು ಉಳಿದವು. ದನದ ಹಾಲಿಗೆ ನೀರು ಬೆರೆಸಿ ಹತ್ತಿಯಲ್ಲಿ ಕುಡಿಸಿದೆ. ದನದ ಹಾಲು ಮರಿಗೆ ಒಗ್ಗುವುದಿಲ್ಲ, ಬೇರೆ ಪುಡಿ ಕೊಡಿ ಎಂದು ಪಶುವೈದ್ಯರು ಆಮೇಲೆ ಹೇಳಿದರು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಕೂರುವಾಗ, ಆ ಹಿಮದ ಗುಡಾರದಲ್ಲಿ ಹೀಗೆಯೇ ನಿದ್ದೆಗೆಟ್ಟವಳು ಗಂಡನಿಂದ ಏನೆಲ್ಲ ಕೇಳಿಸಿಕೊಂಡಿರಬಹುದು ಎಂದು ನಗು ಬರುತ್ತಿತ್ತು. ಒಂದು ಮರಿ ನಮ್ಮಲ್ಲೇ ಇದೆ. ಇನ್ನೊಂದನ್ನು ರಾಮಕುಂಜದ ಆ ಅಜ್ಜಿ ಕೊಂಡುಹೋದರು. ಹೆಣ್ಣುಮರಿ, ತೊಂದರೆಯಿಲ್ಲವೇ ಎಂದು ಕೇಳಿದೆ. "ನಾನೂ ಹೆಣ್ಣೇ ಅಲ್ವಾ, ಇಷ್ಟು ವರ್ಷ ಇಟ್ಟುಕೊಂಡಿಲ್ವಾ ಅವರು?" ಎಂದರು. ಬರುವ ತಿಂಗಳು ಎರಡಕ್ಕೂ ಒಟ್ಟಿಗೆ ಆಪರೇಶನ್. ರಿಕ್ಷಾದ ಬಾಡಿಗೆ ಅರ್ಧ ಅರ್ಧ ಎಂದು ಮಾತಾಗಿದೆ.